ಅಳತೆಯ ಕಡ್ಡಿ ಮತ್ತು ‘ಜನಾಂಗ’ ಎಂಬ ಪದ

ಗಾಂಧಿಪುರಂ ಬಸ್ ನಿಲ್ದಾಣದಲ್ಲಿ ಮೈಸೂರು ಬಸ್ಸಿಗೆ ಕಾಯುವವರಲ್ಲಿ ಮನೆಯೊಳಗೆ ಕನ್ನಡ, ಹೊರಗೆ ತಮಿಳು ಆಡುವ ದೇವಾಂಗ, ಒಕ್ಕಲಿಗ ಮನೆಗಳ ಹುಡುಗರೂ ಇರ್ತಾರೆ. ಅವರ ಮೈಕಟ್ಟು ಪಕ್ಕದ ತಮಿಳು ಹುಡುಗನದಕ್ಕಿಂತ ಬೇರೆಯೇ ಅಂತ ಇವತ್ತು ಯಾರೂ ಕೇಳಲ್ಲ. ಈ ಸೀಮೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದಾಗ ಅಂಥ ಪ್ರಶ್ನೆಯನ್ನು ಕ್ಯಾಲಿಪರ್ ಹಿಡಿದುಕೊಂಡೇ ಕೇಳುತ್ತಿದ್ದರು.

ಎಡ್ಗರ್ ಥರ್ಸ್ಟನ್ 1885ರಿಂದ 1908ರವರೆಗೆ ಮದ್ರಾಸ್ ಸರ್ಕಾರಿ ಮ್ಯೂಸಿಯಂನ ಮುಖ್ಯಸ್ಥ. ಕೆ. ರಂಗಾಚಾರಿ ಅವರ ಜೊತೆ 1909ರಲ್ಲಿ ತಂದ ಏಳು ಸಂಪುಟಗಳ ‘ದಕ್ಷಿಣ ಭಾರತದ ಜಾತಿಗಳು ಮತ್ತು ಬುಡಕಟ್ಟುಗಳು’ ಕೃತಿಯಲ್ಲಿ ಜಾತಿವಾರು ಎತ್ತರ, ತಲೆ, ಮೂಗಿನ ಸರಾಸರಿಗಳಿವೆ. ವಯನಾಡಿನ ಪಣಿಯ ಹೆಂಗಸರು ಅವನನ್ನು ಕಂಡು ಓಡಿಹೋದರಂತೆ. ತಮ್ಮನ್ನು ಹಿಡಿದು, ಒಣಹುಲ್ಲು ತುಂಬಿ ಮ್ಯೂಸಿಯಂನಲ್ಲಿ ನಿಲ್ಲಿಸ್ತಾನೆ ಅನ್ನೋ ಭಯ. ಅವನಿಗೆ ಅದು ತಮಾಷೆಯ ಪ್ರಸಂಗ. ನನಗೆ ಆ ಸಂಪುಟಗಳಲ್ಲೇ ಅತ್ಯಂತ ನೇರವಾದ ವಿಮರ್ಶೆ ಅದು ಅನ್ನಿಸುತ್ತೆ.

ಮೈಸೂರು ಸಂಸ್ಥಾನವೂ ಹಿಂದೆ ಬೀಳಲಿಲ್ಲ. ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ‘ಮೈಸೂರಿನ ಬುಡಕಟ್ಟುಗಳು ಮತ್ತು ಜಾತಿಗಳು’ ಪೂರ್ಣಗೊಂಡಿದ್ದು 1935ರಲ್ಲಿ. ಅದಕ್ಕೆ ‘ಜನಾಂಗ ಚರಿತ್ರೆ’ಯ ಅಧ್ಯಾಯ ಬರೆದವರು ಜರ್ಮನಿಯ ಫಾನ್ ಐಕ್‌ಸ್ಟೆಡ್. ಇಸವಿಯನ್ನೂ ದೇಶವನ್ನೂ ಒಟ್ಟಿಗೆ ಓದಿಕೊಳ್ಳಿ.

ಈ ಪಟ್ಟಿಗಳು ನಿಂತಿದ್ದು ಬಹುಪಾಲು ವಯಸ್ಕ ಗಂಡಸರ ಅಳತೆಯ ಮೇಲೆ. ಬೆಳೆಯುವ ದೇಹ ಅವರ ವಾದಕ್ಕೆ ತೊಡಕು, ಯಾಕಂದ್ರೆ ಅದು ಬದಲಾಗುತ್ತಲೇ ಇರುತ್ತೆ. ಫ್ರಾಂಜ್ ಬೋವಾಸ್ ಅದನ್ನೇ ಹಿಡಿದರು. ಅಮೆರಿಕಕ್ಕೆ ಬಂದ ವಲಸಿಗರನ್ನೂ ಅವರ ಮಕ್ಕಳನ್ನೂ ಸೇರಿಸಿ ಸುಮಾರು 18,000 ಜನರನ್ನು ಅಳೆದು, ಅಲ್ಲೇ ಹುಟ್ಟಿದ ಮಕ್ಕಳ ತಲೆಯ ಆಕಾರ ಕೂಡ ತಂದೆತಾಯಿಯರದಕ್ಕಿಂತ ಬೇರೆಯಾಗಿದೆ ಅಂತ 1910ರ ಆಸುಪಾಸಿನಲ್ಲೇ ತೋರಿಸಿದ್ದರು. ಥರ್ಸ್ಟನ್ ಸಂಪುಟಗಳ ಶಾಯಿ ಇನ್ನೂ ಆರಿರಲಿಲ್ಲ!

ಈಗ ಮೈಸೂರಿಗೆ ಬರೋಣ. ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ (ನಮ್ಮವರ ಬಾಯಲ್ಲಿ ಮಿಷನ್ ಆಸ್ಪತ್ರೆ) 1997–98ರಲ್ಲಿ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ‘ಪಾರ್ಥೆನಾನ್’ ಅಧ್ಯಯನ ಶುರುವಾಯಿತು. ಹುಟ್ಟಿದ ಮಕ್ಕಳನ್ನು ಹದಿಹರೆಯದವರೆಗೂ, ಆಮೇಲೂ ಅಳೆದರು. ಇಲ್ಲೂ ಕ್ಯಾಲಿಪರ್ರೇ. ಬೆನ್ನಿನ ಮೇಲೆ, ಭುಜದೆಲುಬಿನ ಕೆಳಗೆ ಚರ್ಮವನ್ನು ಮಡಿಸಿ ಹಿಡಿದು ಕೊಬ್ಬಿನ ದಪ್ಪ ನೋಡೋದು. ಇಂಗ್ಲೆಂಡಿನ ಕೂಸುಗಳಿಗಿಂತ ಮೈಸೂರಿನವು ತೂಕದಲ್ಲಿ ಕಡಿಮೆ, ಬೆನ್ನಿನ ಕೊಬ್ಬಿನಲ್ಲಿ ಮಾತ್ರ ಅಷ್ಟಾಗಿ ಕಡಿಮೆಯಿಲ್ಲ. ನಾಲ್ಕು ವರ್ಷಕ್ಕೆ ಆ ಕೊಬ್ಬು ಬ್ರಿಟಿಷ್ ಮಾನದಂಡವನ್ನೂ ದಾಟಿತ್ತು. ಅಂದ್ರೆ ಸಣಕಲಾಗಿ ಕಾಣುವ ಹುಡುಗನಿಗೂ ಮುಂದೆ ಸಕ್ಕರೆ ಕಾಯಿಲೆಯ ಅಪಾಯವಿರಬಹುದು. ಹಾಗಾಗಿ ಭಾರತೀಯ ಮಕ್ಕಳ ತಜ್ಞರ ಸಂಘ 2015ರ ಬೆಳವಣಿಗೆ ಚಾರ್ಟಿನಲ್ಲಿ ವಯಸ್ಕರ 23 ಬಿಎಂಐಗೆ ಸಮನಾದ ಗೆರೆಯನ್ನೇ ಅಧಿಕ ತೂಕದ ಗೆರೆ ಮಾಡಿತು. ಜಗತ್ತಿನ ಸಾಮಾನ್ಯ ಗೆರೆ 25. ಆ ಚಾರ್ಟಿಗೆ ಅಳೆದದ್ದು ಮಧ್ಯಮ ಮತ್ತು ಮೇಲ್ವರ್ಗದ ಮಕ್ಕಳನ್ನು, ಇದನ್ನೂ ಮರೆಯಬಾರದು.

ಹಾಗಾದ್ರೆ ಥರ್ಸ್ಟನ್ ಸರಿಯಿದ್ದನೇ? ಇಲ್ಲ. ಅವನು ಅಳತೆಯಿಂದ ಜಾತಿಯ ಮೂಲ ಹುಡುಕಿದ. ಮೈಸೂರಿನವರು ತಾಯಿಯ ಪೋಷಣೆ, ಗರ್ಭದೊಳಗಿನ ಬೆಳವಣಿಗೆ ಹುಡುಕಿದರು. ಗೊಂದಲ ಹುಟ್ಟೋದು ನಮ್ಮ ಅನುವಾದದಲ್ಲಿ. ಥರ್ಸ್ಟನ್ ಕಾಲದ ವರ್ಣಸಿದ್ಧಾಂತಕ್ಕೂ ‘ಜನಾಂಗ’, ಇವತ್ತಿನ ವೈದ್ಯರು ಹೇಳುವ ದಕ್ಷಿಣ ಏಷ್ಯಾದ ಜನವರ್ಗಕ್ಕೂ ‘ಜನಾಂಗ’, ಜಾತಿ ಸಂಘದ ಬೋರ್ಡಿನಲ್ಲೂ ‘ಜನಾಂಗ’, ಸಾಲದ್ದಕ್ಕೆ ‘ಯುವಜನಾಂಗ’ ಬೇರೆ. ಪತ್ರಿಕೆಯಲ್ಲಿ ‘ಜನಾಂಗೀಯ ವ್ಯತ್ಯಾಸ’ ಅಂತ ಓದಿದ ಹುಡುಗಿ ಅದನ್ನು ತನ್ನ ಜಾತಿಗೆ ಹಚ್ಚಿಕೊಂಡರೆ ತಪ್ಪು ಅವಳದಲ್ಲ. ಈ ಸಂದರ್ಭಕ್ಕೆ ‘ಜನಸಮುದಾಯ’ ಬಳಸೋಣ ಅಂತ ನನ್ನ ಸಲಹೆ. ಭಾಷಾಶಾಸ್ತ್ರದವರು ಇದಕ್ಕಿಂತ ಒಳ್ಳೆಯ ಪದ ಕೊಟ್ಟರೆ ತಗೊಳ್ತೀನಿ.