ಒಂದೇ ಊರು, ನಾಲ್ಕು ವಿಶ್ವವಿದ್ಯಾಲಯ

ಚೊಳಚಗುಡ್ಡ (ಬಾಗಲಕೋಟೆ ಜಿಲ್ಲೆ): ಬಾದಾಮಿಯಿಂದ ಸುಮಾರು ಐದು ಕಿ.ಮೀ. ದೂರದ ಈ ಗ್ರಾಮ ಬನಶಂಕರಿ ದೇವಾಲಯದಿಂದ ನಾಡಿಗೆಲ್ಲ ಪರಿಚಿತ. ಬನದ ಹುಣ್ಣಿಮೆಯ ಜಾತ್ರೆಯ ಹೊರತು ಊರು ಸುದ್ದಿಯಾಗುವುದು ಅಪರೂಪ. ಆದರೆ ಈ ಭಾಗದ ಪದವೀಧರರ ಪ್ರಮಾಣಪತ್ರಗಳನ್ನು ಸಾಲಾಗಿ ಇಟ್ಟರೆ ಉತ್ತರ ಕರ್ನಾಟಕದ ಉನ್ನತ ಶಿಕ್ಷಣದ ಚರಿತ್ರೆಯೇ ಎದುರು ನಿಲ್ಲುತ್ತದೆ. ಅಜ್ಜನ ಕಾಲದ ಪದವಿಯ ಮೇಲೆ ಮುಂಬೈ ವಿಶ್ವವಿದ್ಯಾಲಯದ ಮುದ್ರೆ, ತಂದೆಯದರ ಮೇಲೆ ಧಾರವಾಡ, ಅಣ್ಣನದಕ್ಕೆ ಬೆಳಗಾವಿ, ತಮ್ಮನದಕ್ಕೆ ಜಮಖಂಡಿ.

ಸ್ವಾತಂತ್ರ್ಯಪೂರ್ವದಲ್ಲಿ ಬಾದಾಮಿ ಪ್ರದೇಶ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದರೂ ಪರೀಕ್ಷೆ, ಪಠ್ಯ, ಪದವಿ ಎಲ್ಲವೂ ಮುಂಬೈ ವಿಶ್ವವಿದ್ಯಾಲಯದ ಅಧೀನ. ಕನ್ನಡ ಜಿಲ್ಲೆಗಳಿಗೆ ಪ್ರತ್ಯೇಕ ವಿಶ್ವವಿದ್ಯಾಲಯ ಬೇಕೆಂಬ ಬೇಡಿಕೆ ಏಕೀಕರಣ ಚಳವಳಿಯ ಜೊತೆಜೊತೆಗೇ ಬೆಳೆಯಿತು. ಅದರ ಫಲವಾಗಿ 1949ರಲ್ಲಿ ಮುಂಬೈ ಶಾಸನಸಭೆಯ ಕಾಯ್ದೆಯ ಮೂಲಕ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ರಾಜ್ಯದ ಏಕೀಕರಣಕ್ಕೆ ಏಳು ವರ್ಷ ಮೊದಲೇ 'ಕರ್ನಾಟಕ'ದ ಹೆಸರು ಹೊತ್ತ ಸಂಸ್ಥೆ ಇದು ಎಂಬುದು ಗಮನಾರ್ಹ.

ಇದನ್ನು ಕಟ್ಟಿ ನಿಲ್ಲಿಸಿದ ಕೀರ್ತಿ ಬಹುಪಾಲು ಡಾ. ಡಿ.ಸಿ. ಪಾವಟೆ ಅವರಿಗೆ ಸಲ್ಲಬೇಕು. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಅವರು ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಇಂದಿನ ಆವರಣವನ್ನು ರೂಪಿಸಿದರು. ನಂತರ ಪಂಜಾಬಿನ ರಾಜ್ಯಪಾಲರಾದರು. 1956ರ ಬಳಿಕ ಹೈದರಾಬಾದ್ ಕರ್ನಾಟಕದ ಕಾಲೇಜುಗಳೂ ಧಾರವಾಡದ ವ್ಯಾಪ್ತಿಗೆ ಬಂದವು.

ಬೋಧನೆಯಷ್ಟೇ ಮಹತ್ವದ್ದು ಸಂಶೋಧನೆ. 1939ರಲ್ಲಿ ಆರಂಭವಾಗಿ ಮುಂದೆ ವಿಶ್ವವಿದ್ಯಾಲಯದಲ್ಲಿ ಸೇರಿದ ಕನ್ನಡ ಸಂಶೋಧನ ಸಂಸ್ಥೆ ಈ ಭಾಗದ ಶಾಸನಗಳನ್ನು ಸಂಗ್ರಹಿಸಿ ಪ್ರಕಟಿಸಿತು. ಇಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಅ. ಸುಂದರ ಅವರು ನಡೆಸಿದ ಬೃಹತ್ ಶಿಲಾ ಸಮಾಧಿಗಳ ಅಧ್ಯಯನ, ಚಾಲುಕ್ಯರಿಗಿಂತ ಎಷ್ಟೋ ಮೊದಲೇ ಮಲಪ್ರಭೆಯ ದಂಡೆಯಲ್ಲಿ ಜನವಸತಿ ಇದ್ದುದಕ್ಕೆ ಬೆಳಕು ಚೆಲ್ಲಿತು. ಡಾ. ಎಂ.ಎಂ. ಕಲಬುರ್ಗಿ ಅವರ ಶಾಸನ ಹಾಗೂ ವಚನ ಸಂಶೋಧನೆಯ ನೆಲೆಯೂ ಧಾರವಾಡವೇ. ಬಾದಾಮಿಗೆ ಬರುವ ಪ್ರವಾಸಿಗರು ಕೇಳುವ ಇತಿಹಾಸದ ಒಂದು ಪಾಲು ಇಂತಹ ವಿದ್ವಾಂಸರ ದುಡಿಮೆ.

ವ್ಯಾಪ್ತಿ ಹಿಗ್ಗಿದಂತೆ ವಿಭಜನೆಯೂ ಅನಿವಾರ್ಯವಾಯಿತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಬೇರೆಯಾಯಿತು. 2003ರಲ್ಲಿ ವಿಜಾಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ, 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಬಂದವು. ತೆಂಗು, ಬಾಳೆ, ವೀಳ್ಯದೆಲೆ ತೋಟಗಳ ಚೊಳಚಗುಡ್ಡಕ್ಕೆ ಈ ಕೊನೆಯದು ಕಾಲೇಜಿನ ಮೆಟ್ಟಿಲು ಹತ್ತದ ರೈತನಿಗೂ ಸಂಬಂಧಿಸಿದ್ದು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಬಾಗಲಕೋಟೆ ಜಿಲ್ಲೆ ಧಾರವಾಡದ ನಂಟು ಕಳಚಿಕೊಂಡಿತು.

2023ರಲ್ಲಿ ಜಮಖಂಡಿಯನ್ನು ಕೇಂದ್ರವಾಗಿಸಿ ಬಾಗಲಕೋಟೆ ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿತು. ವಿಶ್ವವಿದ್ಯಾಲಯ ಮನೆಬಾಗಿಲಿಗೆ ಬಂತೆಂಬ ಮಾತು ಕೇಳಿಬಂದರೂ, ಜಿಲ್ಲೆಯ ದಕ್ಷಿಣದ ಅಂಚಿನಲ್ಲಿರುವ ಬಾದಾಮಿ ಭಾಗದವರಿಗೆ ಉತ್ತರದ ಜಮಖಂಡಿ ಧಾರವಾಡಕ್ಕಿಂತ ಹೇಳಿಕೊಳ್ಳುವಷ್ಟು ಹತ್ತಿರವೇನಲ್ಲ. ಎರಡು ವರ್ಷ ತುಂಬುವ ಮೊದಲೇ, 2025ರ ಫೆಬ್ರುವರಿಯಲ್ಲಿ, ಆರ್ಥಿಕ ಹೊರೆಯ ಕಾರಣ ನೀಡಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಪ್ರಸ್ತಾವವನ್ನು ಸಚಿವ ಸಂಪುಟ ಉಪಸಮಿತಿ ಮುಂದಿಟ್ಟಿತು. ಅದರಲ್ಲಿ ಬಾಗಲಕೋಟೆಯ ಹೆಸರೂ ಇತ್ತು. ವಿದ್ಯಾರ್ಥಿ ಸಂಘಟನೆಗಳು ಹಾಗೂ ವಿರೋಧ ಪಕ್ಷಗಳು ಇದನ್ನು ತೀವ್ರವಾಗಿ ವಿರೋಧಿಸಿದವು.

ಈ ಎಳೆದಾಟದ ನೇರ ಪರಿಣಾಮ ಕಾಣುವುದು ಕಡತಗಳಲ್ಲಿ. ವ್ಯಾಪ್ತಿ ಬದಲಾದರೂ ಹಳೆಯ ದಾಖಲೆ ಪದವಿ ನೀಡಿದ ಸಂಸ್ಥೆಯ ಬಳಿಯೇ ಉಳಿಯುತ್ತದೆ. ಹೀಗಾಗಿ ಅಂಕಪಟ್ಟಿಯ ಪರಿಶೀಲನೆ ಅಥವಾ ಪ್ರಮಾಣಪತ್ರದ ನಕಲು ಬೇಕಾದವರು, ತಮ್ಮ ಕಾಲೇಜು ಇಂದು ಯಾರ ಅಧೀನದಲ್ಲಿದೆ ಎಂಬುದನ್ನಲ್ಲ, ತಮ್ಮ ಪದವಿಯ ಮೇಲೆ ಯಾರ ಮುದ್ರೆ ಇದೆ ಎಂಬುದನ್ನು ನೋಡಿ ಅರ್ಜಿ ಸಲ್ಲಿಸಬೇಕು.