ಗಡ್ಡೆ ತೆಗೆದ ಮೇಲೆ ಶಾಲೆಯ ದಾರಿ

ಅಫಜಲಪುರ ತಾಲೂಕಿನ ದೇವಲ ಗಾಣಗಾಪುರ ದತ್ತ ಕ್ಷೇತ್ರವೆಂದು ನಾಡಿಗೆಲ್ಲ ಹೆಸರಾದುದು. ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದರೆ ಹಿಡಿದ ಪೀಡೆ ಬಿಡುತ್ತದೆಂಬ ನಂಬಿಕೆಯಿಂದ, ಗಾಳಿ ಸೋಕಿದೆಯೆಂದು ತಿಳಿದವರನ್ನು ಜನ ತಲೆಮಾರುಗಳಿಂದ ಇಲ್ಲಿಗೆ ಕರೆತರುತ್ತಿದ್ದಾರೆ. ಬೆಳಗಾದರೆ ತಲೆನೋವೆಂದು ಅಳುವ, ವಾಂತಿ ಮಾಡುವ, ನಡೆಯುವಾಗ ತೂರಾಡುವ ಮಗುವಿನ ಕಾಯಿಲೆಗೆ ಹಿಂದಿನವರ ಬಳಿ ಬೇರೆ ಹೆಸರಾದರೂ ಯಾವುದಿತ್ತು? ಇಂಥ ಲಕ್ಷಣಗಳ ಹಿಂದೆ ಮಿದುಳಿನ ಗಡ್ಡೆ ಇರಬಹುದೆಂದು ಅರಿತು ಆ ಮಗುವನ್ನು ಬದುಕಿಸಲು ವೈದ್ಯರು ಕಲಿತದ್ದು, ಬದುಕಿದ ಮಗು ಪಾಠದಲ್ಲಿ ಏಕೆ ಹಿಂದೆ ಬೀಳುತ್ತದೆಂದು ಕಂಡುಕೊಂಡದ್ದು ಹೆಚ್ಚುಕಡಿಮೆ ನೂರು ವರ್ಷಗಳ ಈಚಿನ ಕತೆ.

ಆಳಂದ, ಅಫಜಲಪುರ, ಜೇವರ್ಗಿ ಸೀಮೆಗೆ ಈ ಚಿಕಿತ್ಸೆ ಬಹುಕಾಲ ದೂರವೇ ಉಳಿಯಿತು. 1948ರವರೆಗೆ ಈ ಭಾಗ ನಿಜಾಮರ ಆಳ್ವಿಕೆಯಲ್ಲಿತ್ತು. ಭಾರತದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಯ ಪ್ರತ್ಯೇಕ ವಿಭಾಗ ಮೊದಲು ಆರಂಭವಾದದ್ದೇ 1949ರಲ್ಲಿ, ವೆಲ್ಲೂರಿನಲ್ಲಿ, ಡಾ. ಜೇಕಬ್ ಚಾಂಡಿ ಅವರಿಂದ. 1956ರಲ್ಲಿ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಎರಡು ವರ್ಷಗಳ ನಂತರ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಡಾ. ಆರ್. ಮಾರ್ತಾಂಡ ವರ್ಮ ಅವರು ನರಶಸ್ತ್ರಚಿಕಿತ್ಸಾ ವಿಭಾಗ ತೆರೆದರು. ಅದೇ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು. ಕಿದ್ವಾಯಿ ಗ್ರಂಥಿ ಸಂಸ್ಥೆ ಹುಟ್ಟಿದ್ದು 1973ರಲ್ಲಿ. ಇಂದು ಅದರ ಘಟಕ ಕಲಬುರಗಿಯಲ್ಲೂ ಇದೆ. ಆದರೂ ಮಗುವಿನ ತಲೆಯ ಶಸ್ತ್ರಚಿಕಿತ್ಸೆಯೆಂದರೆ ಹೈದರಾಬಾದು, ಸೊಲ್ಲಾಪುರ ಅಥವಾ ಸುಮಾರು 600 ಕಿಲೋಮೀಟರು ಆಚೆಯ ಬೆಂಗಳೂರು ಎಂದೇ ಇಲ್ಲಿನ ಅನೇಕ ತಂದೆತಾಯಿಗಳ ಲೆಕ್ಕ.

ಮಕ್ಕಳ ಮಿದುಳಿನಲ್ಲಿ ಏಳುವ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣುವುದು ಮೆಡುಲ್ಲೊಬ್ಲಾಸ್ಟೋಮ. ಅದು ಬೆಳೆಯುವುದು ತಲೆಯ ಹಿಂಭಾಗದ ಅನುಮಸ್ತಿಷ್ಕದಲ್ಲಿ. 1925ರಲ್ಲಿ ಅಮೆರಿಕದ ಹಾರ್ವೆ ಕುಷಿಂಗ್ ಮತ್ತು ಪರ್ಸಿವಲ್ ಬೈಲಿ ಅದಕ್ಕೆ ಈ ಹೆಸರಿಟ್ಟರು. ಗಡ್ಡೆ ತೆಗೆದರೂ ಅದರ ಕಣಗಳು ಮಿದುಳುಬಳ್ಳಿಯ ದ್ರವದಲ್ಲಿ ಹರಿದು ಬೇರೆಡೆ ಬೇರೂರುತ್ತಿದ್ದವು. ಕೆಲವು ವರ್ಷ ದಾಟಿ ಬದುಕುವ ಮಕ್ಕಳು ತೀರಾ ವಿರಳವಾಗಿದ್ದರು. 1953ರಲ್ಲಿ ಮ್ಯಾಂಚೆಸ್ಟರಿನ ಪ್ಯಾಟರ್ಸನ್ ಮತ್ತು ಫಾರ್ ಅವರು ಮಿದುಳಿಗೂ ಬೆನ್ನುಹುರಿಗೂ ಪೂರ್ತಿಯಾಗಿ ವಿಕಿರಣ ಕೊಟ್ಟರೆ ಮಕ್ಕಳು ಉಳಿಯುತ್ತಾರೆಂದು ತೋರಿಸಿದರು. ಅದೊಂದು ದೊಡ್ಡ ಗೆಲುವು.

ಆದರೆ ಬದುಕಿದ ಮಕ್ಕಳು ಶಾಲೆಗೆ ಮರಳಿದಾಗ ಇನ್ನೊಂದು ಪ್ರಶ್ನೆ ಎದ್ದಿತು. ಲೆಕ್ಕ ಬಿಡಿಸಲು ತಡ, ಬೋರ್ಡಿನ ಮೇಲಿನದನ್ನು ಬರೆದುಕೊಳ್ಳಲು ತಡ, ಎರಡು ಮಾತು ಒಟ್ಟಿಗೆ ಹೇಳಿದರೆ ಒಂದು ಮರೆವು. ವರ್ಷ ಕಳೆದಂತೆ ಓರಗೆಯವರಿಗೂ ಇವರಿಗೂ ಅಂತರ ಹೆಚ್ಚುತ್ತಿತ್ತು. ಕಲಿತದ್ದೆಲ್ಲ ಅಳಿಸಿಹೋಗುತ್ತಿದೆಯೇ ಎಂಬ ಅಂಜಿಕೆಗೆ 2001ರಲ್ಲಿ ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆಯ ಸಂಶೋಧಕರು ಉತ್ತರ ಕೊಟ್ಟರು: ಮಕ್ಕಳು ಕಲಿತದ್ದನ್ನು ಕಳೆದುಕೊಳ್ಳುತ್ತಿಲ್ಲ, ಹೊಸದನ್ನು ಕಲಿಯುತ್ತಲೂ ಇದ್ದಾರೆ, ಆದರೆ ಆ ಕಲಿಕೆಯ ವೇಗ ಓರಗೆಯವರಿಗಿಂತ ಕಡಿಮೆ.

ಕಾರಣವೇನು? ನರತಂತುಗಳ ಮೇಲೆ, ವಿದ್ಯುತ್ ತಂತಿಗೆ ರಬ್ಬರು ಇರುವಂತೆ, ಕೊಬ್ಬಿನ ಹೊದಿಕೆಯೊಂದಿರುತ್ತದೆ. ಸಂದೇಶ ಬೇಗ ಸಾಗುವುದು ಅದರಿಂದಲೇ. ಬಾಲ್ಯದಲ್ಲಿ ಅದು ಇನ್ನೂ ಬೆಳೆಯುತ್ತಿರುತ್ತದೆ. ವಿಕಿರಣ ಆ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ. ಮಗು ಚಿಕ್ಕದಿದ್ದಷ್ಟೂ ಪೆಟ್ಟು ಹೆಚ್ಚು. ವಿಕಿರಣವೊಂದನ್ನೇ ದೂರುವಂತಿಲ್ಲ. ಗಡ್ಡೆಯಿಂದ ತಲೆಯಲ್ಲಿ ನೀರು ಕಟ್ಟಿಕೊಂಡು ಬೀಳುವ ಒತ್ತಡವೂ ಕಾರಣ. ಅನುಮಸ್ತಿಷ್ಕದ ಕೆಲಸ ದೇಹದ ಸಮತೋಲಕ್ಕಷ್ಟೇ ಸೀಮಿತವೆಂಬ ಹಳೆಯ ತಿಳಿವಳಿಕೆಯನ್ನು 1998ರಲ್ಲಿ ಶ್ಮಾಮನ್ ಮತ್ತು ಶರ್ಮನ್ ಅವರ ಅಧ್ಯಯನ ಅಲುಗಾಡಿಸಿತು. ಯೋಚನೆ, ಮಾತು, ಭಾವನೆಗಳಲ್ಲೂ ಅದಕ್ಕೆ ಪಾಲಿದೆ. ಇದೆಲ್ಲ ತಿಳಿದ ಮೇಲೆ ಚಿಕಿತ್ಸೆಯೂ ಬದಲಾಯಿತು. ಅಪಾಯ ಕಡಿಮೆಯಿರುವ ಮಕ್ಕಳಿಗೆ ಇಡೀ ಮಿದುಳು-ಬೆನ್ನುಹುರಿಗೆ ಕೊಡುವ ಪ್ರಮಾಣವನ್ನು 36 ಗ್ರೇಯಿಂದ 23.4 ಗ್ರೇಗೆ ಇಳಿಸಿ, ಜೊತೆಗೆ ಔಷಧ ಚಿಕಿತ್ಸೆ ಕೊಡುವುದು ರೂಢಿಗೆ ಬಂತು. ತೀರಾ ಎಳೆಯ ಮಕ್ಕಳಿಗೆ ಸಾಧ್ಯವಾದಷ್ಟೂ ವಿಕಿರಣವನ್ನು ಮುಂದೂಡುತ್ತಾರೆ.

ಈ ನಿಧಾನಗತಿಯನ್ನು ಅಳೆಯುವುದು ಹೇಗೆ? ಅಳತೆಗೋಲಿನ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಪಾಲುಂಟು. ಪ್ಯಾರಿಸ್ಸಿನ ಬಿನೆ 1905ರಲ್ಲಿ ರೂಪಿಸಿದ ಬುದ್ಧಿಮಾಪನವನ್ನು ಧಾರವಾಡದ ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಆದರೆ ಬುದ್ಧಿಯನ್ನು ಒಂದೇ ಅಂಕಿಯಲ್ಲಿ ಹೇಳಿದರೆ ಈ ಮಕ್ಕಳ ತೊಂದರೆ ಮರೆಯಾಗಬಹುದು. ಸರಾಗವಾಗಿ ಮಾತಾಡುವ ಮಗುವಿಗೂ ಗಮನ, ವೇಗ, ನೆನಪು ಕುಂದಿರಬಹುದು. ಇವನ್ನು ಬಿಡಿಬಿಡಿಯಾಗಿ ಅಳೆಯುವ ಪರೀಕ್ಷಾಮಾಲೆಯೊಂದನ್ನು ನಿಮ್ಹಾನ್ಸ್ 2004ರಲ್ಲಿ ಮಕ್ಕಳಿಗಾಗಿಯೇ ಹೊರತಂದಿತು.

ಇಷ್ಟೆಲ್ಲ ಜ್ಞಾನ ಆಸ್ಪತ್ರೆಯಲ್ಲಿದೆ. ಹಳ್ಳಿಯ ಶಾಲೆಗೆ ಅದು ತಲುಪುವುದು ಕಷ್ಟ. ಆಸ್ಪತ್ರೆಯ ಇಂಗ್ಲಿಷ್ ಕಾಗದಗಳು ಮನೆಯ ಕೈಚೀಲದಲ್ಲೇ ಉಳಿದರೆ ಮೇಷ್ಟ್ರಿಗೆ ಕಾಣುವುದು ಬರೆಯಲು ಸೋಮಾರಿತನ ತೋರುವ ಹುಡುಗನೊಬ್ಬ. ತೊಗರಿಯ ರಾಶಿಗೆ ಆಳು ಬೇಕಾದಾಗ, ಮನೆಮಂದಿ ಮುಂಬೈ-ಪುಣೆಗೆ ಗುಳೆ ಹೊರಟಾಗ, "ಇವನಿಗೆ ಓದು ಹತ್ತುವುದಿಲ್ಲ" ಎಂಬ ಒಂದು ಮಾತು ಸಾಕು, ಶಾಲೆ ಬಿಡಿಸಲು. ಹುಡುಗಿಯಾದರೆ ಅದು ಇನ್ನೂ ಸಲೀಸು.

ಪರಿಹಾರಗಳು ತೀರ ದುಬಾರಿಯೇನಲ್ಲ. ಮುಂದಿನ ಬೆಂಚು, ಒಂದು ಸಲಕ್ಕೆ ಒಂದೇ ಸೂಚನೆ, ಬರೆಯುವ ಬದಲು ಬಾಯಲ್ಲಿ ಉತ್ತರಿಸುವ ಅವಕಾಶ, ನಡುವೆ ವಿಶ್ರಾಂತಿ, ಎಲ್ಲಕ್ಕಿಂತ ಮಿಗಿಲಾಗಿ ಹೆಚ್ಚುವರಿ ಸಮಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಬೌದ್ಧಿಕ ನ್ಯೂನತೆ, ನಿರ್ದಿಷ್ಟ ಕಲಿಕಾ ನ್ಯೂನತೆಗಳು ಅದರಲ್ಲಿವೆ. ಪ್ರಮಾಣಪತ್ರ ಪಡೆದ ವಿಶೇಷ ಅಗತ್ಯದ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೂ ರಿಯಾಯಿತಿಗಳುಂಟು. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆ ಇದೆ.

ಇದಕ್ಕೆಲ್ಲ ಮೊದಲ ಹೆಜ್ಜೆ ಒಂದು ಚೀಟಿ. ಮಗುವಿಗೆ ಯಾವ ಚಿಕಿತ್ಸೆ ಆಯಿತು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಬೇಕಾಗಬಹುದು, ಮತ್ತೆ ಯಾವಾಗ ಪರೀಕ್ಷಿಸಬೇಕು ಎಂಬುದನ್ನು ವೈದ್ಯರಿಂದ ಕನ್ನಡದಲ್ಲಿ ಬರೆಸಿ ಹೆಡ್ಮಾಸ್ತರ ಕೈಗೆ ಕೊಡುವುದು. ತೊಂದರೆ ಕೆಲವೊಮ್ಮೆ ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೆ ತಲೆದೋರುವುದರಿಂದ, ಮಗು ತರಗತಿ ದಾಟಿದಂತೆಲ್ಲ ಆ ಚೀಟಿಯೂ ಮುಂದಿನ ಮೇಷ್ಟ್ರ ಕೈ ಸೇರಬೇಕು.