ವಕ್ರದಂತ ಚಿಕಿತ್ಸೆ: ಭಯವುಳ್ಳ ರೋಗಿಗಳು ಹಾಗೂ ಪೋಷಕರಿಗೆ ಮಾಹಿತಿ

ಓರೆಕೋರೆಯಾಗಿ ಅಥವಾ ಮುಂಚಾಚಿ ಬೆಳೆದ ಹಲ್ಲುಗಳನ್ನು ತಂತಿ ಅಳವಡಿಸಿ ಸರಿಪಡಿಸುವ ವಿಧಾನಕ್ಕೆ ವಕ್ರದಂತ ಚಿಕಿತ್ಸೆ ಎನ್ನಲಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡೂವರೆ ವರ್ಷ ಬೇಕಾಗುತ್ತದೆ. ಭಯದಿಂದ ಚಿಕಿತ್ಸೆಯನ್ನು ಅರ್ಧದಲ್ಲಿಯೇ ಕೈಬಿಟ್ಟಲ್ಲಿ ಹಲ್ಲುಗಳು ಮತ್ತೆ ಓರೆಯಾಗುವ ಹಾಗೂ ತಪಾಸಣೆಯಿಲ್ಲದೆ ಉಳಿದ ತಂತಿಯ ಸುತ್ತ ಹುಳುಕು ಮತ್ತು ವಸಡಿನ ರೋಗ ಉಂಟಾಗುವ ಸಂಭವವಿರುತ್ತದೆ. ಆದುದರಿಂದ ಭಯವಿರುವವರು ಅದನ್ನು ಮೊದಲ ಭೇಟಿಯಲ್ಲಿಯೇ ವೈದ್ಯರಿಗೆ ತಿಳಿಸತಕ್ಕದ್ದು.

ಚಿಕಿತ್ಸೆಯ ಹಂತಗಳು

1. ಪರೀಕ್ಷೆ: ಎಕ್ಸ್-ರೇ, ಛಾಯಾಚಿತ್ರ ಹಾಗೂ ಹಲ್ಲಿನ ಅಚ್ಚು ತೆಗೆಯಲಾಗುತ್ತದೆ. ಅಚ್ಚಿನ ವಸ್ತು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುತ್ತದೆ. ವಾಕರಿಕೆ ಬರುವವರು ತಲೆಯನ್ನು ಮುಂದಕ್ಕೆ ಬಾಗಿಸಿ ಮೂಗಿನಿಂದ ನಿಧಾನವಾಗಿ ಉಸಿರಾಡುವುದು.

2. ಹಲ್ಲು ಕೀಳುವಿಕೆ: ಸ್ಥಳಾವಕಾಶ ಸಾಲದಿದ್ದಲ್ಲಿ ಮಾತ್ರ ಅಗತ್ಯ. ಮರಗಟ್ಟಿಸುವ ಚುಚ್ಚುಮದ್ದು ನೀಡಿದ ನಂತರವೇ ಹಲ್ಲು ಕೀಳಲಾಗುತ್ತದೆ.

3. ತಂತಿ ಅಳವಡಿಕೆ: ಬ್ರಾಕೆಟ್‌ಗಳನ್ನು ಹಲ್ಲಿಗೆ ಅಂಟಿಸಲಾಗುತ್ತದೆ. ಇದಕ್ಕೆ ಹಲ್ಲು ಕೊರೆಯುವುದಾಗಲಿ, ಚುಚ್ಚುಮದ್ದಾಗಲಿ ಸಾಮಾನ್ಯವಾಗಿ ಬೇಕಾಗುವುದಿಲ್ಲ.

4. ಮರುಭೇಟಿ: ಸಾಮಾನ್ಯವಾಗಿ 4ರಿಂದ 8 ವಾರಗಳಿಗೊಮ್ಮೆ ತಂತಿಯನ್ನು ಸರಿಹೊಂದಿಸಲಾಗುತ್ತದೆ.

ನೋವಿನ ಬಗ್ಗೆ

ತಂತಿ ಹಾಕಿದ ಕೆಲವು ಗಂಟೆಗಳ ನಂತರ ನೋವು ಪ್ರಾರಂಭವಾಗಿ, ಮರುದಿನ ಹೆಚ್ಚಾಗಿ, ಬಹುತೇಕ ಒಂದು ವಾರದೊಳಗೆ ಕಡಿಮೆಯಾಗುತ್ತದೆ. ಈ ಅವಧಿಯಲ್ಲಿ ಗಂಜಿ, ಮೊಸರನ್ನ, ಇಡ್ಲಿಯಂತಹ ಮೃದು ಆಹಾರ ಸೇವಿಸುವುದು. ಚಕ್ಕುಲಿ, ಕಬ್ಬು, ಚಿಕ್ಕಿ ಮುಂತಾದ ಗಟ್ಟಿ ಪದಾರ್ಥಗಳನ್ನು ಚಿಕಿತ್ಸೆ ಮುಗಿಯುವವರೆಗೂ ವರ್ಜಿಸುವುದು. ನೋವಿನ ಮಾತ್ರೆಯನ್ನು ವೈದ್ಯರ ಸಲಹೆಯ ಮೇರೆಗೆ ಮಾತ್ರ ತೆಗೆದುಕೊಳ್ಳುವುದು. ತಂತಿ ಕೆನ್ನೆಗೆ ಚುಚ್ಚುತ್ತಿದ್ದಲ್ಲಿ ಆಸ್ಪತ್ರೆಯಲ್ಲಿ ನೀಡುವ ಮೇಣವನ್ನು ಅದರ ಮೇಲೆ ಒತ್ತಿ, ವೈದ್ಯರಿಗೆ ತಿಳಿಸುವುದು. ಊತ ಅಥವಾ ಜ್ವರ ಕಂಡುಬಂದಲ್ಲಿ ಮರುಭೇಟಿಯ ದಿನಾಂಕಕ್ಕೆ ಕಾಯದೆ ಆಸ್ಪತ್ರೆಗೆ ಬರುವುದು.

ಭಯ ನಿವಾರಣೆಗೆ ಸಲಹೆಗಳು

* ಎಡಗೈ ಎತ್ತಿದರೆ ಕೆಲಸ ನಿಲ್ಲಿಸುವಂತೆ ವೈದ್ಯರೊಂದಿಗೆ ಮೊದಲೇ ಮಾತನಾಡಿಕೊಳ್ಳುವುದು.
* ಉಪಕರಣಗಳನ್ನು ಮುಂಚಿತವಾಗಿ ತೋರಿಸಿ ವಿವರಿಸುವಂತೆ ಕೋರಬಹುದು.
* ಪೋಷಕರು ಮಕ್ಕಳಿಗೆ "ಸ್ವಲ್ಪವೂ ನೋವಾಗುವುದಿಲ್ಲ" ಎಂದು ಹೇಳಬಾರದು. ನೋವಾದಾಗ ಮಗು ಪೋಷಕರನ್ನೂ ವೈದ್ಯರನ್ನೂ ನಂಬದಂತಾಗುತ್ತದೆ. ಏನು ನಡೆಯಲಿದೆ ಎಂಬುದನ್ನು ಇದ್ದಂತೆ ತಿಳಿಸುವುದು ಸೂಕ್ತ.
* ತಪ್ಪು ಮಾಡಿದ ಮಕ್ಕಳನ್ನು "ಇಂಜೆಕ್ಷನ್ ಹಾಕಿಸುತ್ತೇನೆ" ಎಂದು ಹೆದರಿಸಬಾರದು.

ನೋಂದಣಿ

1958ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಸರ್ಕಾರಿ ದಂತ ಮಹಾವಿದ್ಯಾಲಯ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ವಕ್ರದಂತ ಚಿಕಿತ್ಸಾ ವಿಭಾಗವಿರುತ್ತದೆ. ಹಿಂದಿನ ಚಿಕಿತ್ಸೆಯ ದಾಖಲೆಗಳು ಹಾಗೂ ಸೇವಿಸುತ್ತಿರುವ ಔಷಧಿಗಳ ವಿವರವನ್ನು ತರತಕ್ಕದ್ದು. 18 ವರ್ಷದೊಳಗಿನವರು ಪೋಷಕರೊಂದಿಗೆ ಹಾಜರಾಗತಕ್ಕದ್ದು. ಶುಲ್ಕದ ವಿವರವನ್ನು ನೋಂದಣಿ ಕೌಂಟರ್‌ನಲ್ಲಿ ವಿಚಾರಿಸಬಹುದು.